ಬಟ್ಟೆಗೆ ಕೊಲೋನ್: ಎಲ್ಲಿ, ಎಷ್ಟು, ಯಾವಾಗ?

ಪ್ರಶ್ನೆ: ತಂಗಿಯ ಮದುವೆಗೆಂದು ಕೆನೆಬಣ್ಣದ ರೇಷ್ಮೆ ಅಂಗಿ ಹೊಲಿಸಿದ್ದೆ. ತೊಟ್ಟುಕೊಂಡ ಮೇಲೆ ಎದೆಯ ಮೇಲೆ ತೀರಾ ಹತ್ತಿರದಿಂದ ನಾಲ್ಕು ಬಾರಿ ಕೊಲೋನ್ ಸಿಂಪಡಿಸಿಕೊಂಡೆ. ಒದ್ದೆಯಾದ ಜಾಗ ಬೇಗ ಆರಲೆಂದು ಅಂಗಿ ಬಿಚ್ಚಿ ಇಸ್ತ್ರಿಯನ್ನೂ ಹಾಯಿಸಿದೆ. ಪರಿಮಳ ಊಟದ ಹೊತ್ತಿಗೇ ಹೋಯಿತು. ರೂಪಾಯಿ ಅಗಲದ ಹಳದಿ ಕಲೆ ಮಾತ್ರ ಉಳಿಯಿತು. ನಮ್ಮೂರಿನ ಬಿಸಿಲಿನಲ್ಲಿ ಕೊಲೋನ್ ಅನ್ನು ಬಟ್ಟೆಗೆ ಹಾಕುವುದು ಸರಿಯೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಬಟ್ಟೆಗೆ ಹಾಕುವುದು ತಪ್ಪಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಿಮ್ಮ ಊರಿನಲ್ಲಿ ಮೈಗಿಂತ ಬಟ್ಟೆಯೇ ಲೇಸು ಎಂದು ನನಗನ್ನಿಸುತ್ತದೆ. ಹಲವು ಕೊಲೋನ್‌ಗಳಲ್ಲಿ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ ಇರುತ್ತದೆ. ಅದರಲ್ಲಿರುವ ಒಂದು ಅಂಶವನ್ನು ತೆಗೆಯದೆ ಬಳಸಿದ್ದರೆ, ಆ ಎಣ್ಣೆ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದಾಗ ಕಪ್ಪು ಮಚ್ಚೆಗಳು ಏಳುವುದುಂಟು. ಮೈಯ ಕಾವಿಗೆ ಪರಿಮಳ ಬೇಗ ಆವಿಯಾಗುತ್ತದೆ, ಅದಕ್ಕಿಂತ ತಣ್ಣಗಿರುವ ಬಟ್ಟೆಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಊಟದ ಹೊತ್ತಿಗೆ ವಾಸನೆ ಹೋದದ್ದಕ್ಕೆ ನೀವು ಕಡಿಮೆ ಹಾಕಿದ್ದು ಕಾರಣವಲ್ಲ. 1709ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ವ್ಯಾಪಾರ ಆರಂಭಿಸಿ ಕೊಲೋನ್ ತಯಾರಿಸಿದ ಫಾರಿನಾ ಮನೆತನದ ಕಾಲದಿಂದಲೂ ಇದು ಹಗುರವಾದ ಪರಿಮಳವೇ ಆಗಿದೆ: ಸುಗಂಧ ತೈಲ ಸಾಮಾನ್ಯವಾಗಿ ಶೇ. 2ರಿಂದ 5ರಷ್ಟು, ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ಆಲ್ಕೋಹಾಲ್ ಮತ್ತು ನೀರು. ದಿನವಿಡೀ ನಿಲ್ಲಬೇಕೆಂದರೆ ಶೇ. 15ರಿಂದ 20ರಷ್ಟು ತೈಲವಿರುವ ಪರ್ಫ್ಯೂಮ್ ಕೊಳ್ಳಿ. ಕೊಲೋನೇ ಇಷ್ಟವಾದರೆ ಸಣ್ಣ ಸೀಸೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಮಧ್ಯಾಹ್ನ ಮತ್ತೊಮ್ಮೆ ಹಾಕಿಕೊಳ್ಳಿ. ಒಂದೇ ಸಲಕ್ಕೆ ಸುರಿದುಕೊಂಡರೆ ಕಲೆಯಾದೀತೇ ಹೊರತು ಬಾಳಿಕೆ ಹೆಚ್ಚುವುದಿಲ್ಲ.

ಕಲೆಯ ವಿಷಯ. ರೇಷ್ಮೆಗೆ ಆಲ್ಕೋಹಾಲ್ ಆಗಿಬರುವುದಿಲ್ಲ. ಅದು ನೂಲಿನ ಬಣ್ಣವನ್ನು ಅಂಚಿಗೆ ತಳ್ಳಿ ಉಂಗುರದಂಥ ಗುರುತು ಬಿಡಬಹುದು. ಆರಿದ ಮೇಲೆ ಎಣ್ಣೆಯಂಶವೂ, ದ್ರವಕ್ಕೆ ಸೇರಿಸಿದ ಬಣ್ಣವೂ ಅಲ್ಲೇ ಉಳಿಯುತ್ತವೆ. ಅದರ ಮೇಲೆ ಇಸ್ತ್ರಿ ಹಾಯಿಸಿದ್ದರಿಂದ ಕಾವಿಗೆ ಕಲೆ ನೂಲಿನಲ್ಲಿ ಕಚ್ಚಿಕೊಂಡಿದೆ. ಆಲ್ಕೋಹಾಲ್ ಬೆಂಕಿಗೆ ಹೊತ್ತಿಕೊಳ್ಳುವ ವಸ್ತು ಎಂಬುದನ್ನೂ ನೆನಪಿಡಿ: ಹಸಿಯಿದ್ದಾಗ ಇಸ್ತ್ರಿ, ಒಲೆ, ದೇವರ ದೀಪ ಯಾವುದರ ಹತ್ತಿರವೂ ಆ ಬಟ್ಟೆ ಸುಳಿಯಬಾರದು. ಅಂಗಿಯನ್ನು ಮನೆಯಲ್ಲಿ ಇನ್ನು ಉಜ್ಜಬೇಡಿ. ಡ್ರೈ ಕ್ಲೀನಿಂಗ್ ಅಂಗಡಿಗೆ ಒಯ್ದು, ಕೊಲೋನ್ ಬಿದ್ದದ್ದನ್ನೂ ಇಸ್ತ್ರಿ ಮಾಡಿದ್ದನ್ನೂ ಮುಚ್ಚಿಡದೆ ಹೇಳಿ. ಕಲೆ ಪೂರ್ತಿ ಹೋದೀತೆಂದು ನಾನು ಭರವಸೆ ಕೊಡಲಾರೆ.

ಮುಂದಿನ ಸಲ ಹೀಗೆ ಮಾಡಿ. ಒಗೆದು, ಇಸ್ತ್ರಿ ಮಾಡಿ, ಪೂರ್ತಿ ತಣ್ಣಗಾದ ಹತ್ತಿಯ ಅಂಗಿಯನ್ನು ಹ್ಯಾಂಗರಿಗೆ ತೂಗುಹಾಕಿ, ಒಂದು ಗೇಣು ದೂರದಿಂದ ಅದರ ಒಳಮೈಗೆ, ಅಂದರೆ ಕಾಲರಿನ ಹಿಂಬದಿಗೂ ಕೆಳಗಿನ ಮಡಿಕೆಗೂ ಒಂದೊಂದು ಬಾರಿ ಸಿಂಪಡಿಸಿ, ಹತ್ತು ನಿಮಿಷ ಆರಲು ಬಿಟ್ಟು ತೊಟ್ಟುಕೊಳ್ಳಿ. ಹತ್ತಿರದಿಂದ ಒತ್ತಿದರೆ ದ್ರವ ಒಂದೇ ಕಡೆ ಹನಿಯಾಗಿ ಕೂರುತ್ತದೆ. ಗೇಣು ದೂರದಿಂದ ಅದು ತುಂತುರಾಗಿ ಹರಡುತ್ತದೆ. ಹೊಸ ಸೀಸೆಯಾದರೆ ಮೊದಲು ಒಳಹೊಲಿಗೆಯ ಮೇಲೆ ಒಂದು ಹನಿ ಹಾಕಿ, ಆರಿದ ಮೇಲೆ ನೋಡಿ. ನಿಮ್ಮ ಬಳ್ಳಾರಿಯಲ್ಲೇ ಹೊಲಿಯುವ ಜೀನ್ಸ್ ತೊಡುವವರು ಜೇಬಿನ ಒಳಬಟ್ಟೆಗೆ ಹಾಕಿಕೊಳ್ಳಬಹುದು. ಗುರುತು ಬಿದ್ದರೂ ಹೊರಗೆ ಕಾಣುವುದಿಲ್ಲ. ರೇಷ್ಮೆಯನ್ನೇ ಉಡಬೇಕಾದ ದಿನ ಪರಿಮಳವನ್ನು ಹತ್ತಿಯ ಕರವಸ್ತ್ರಕ್ಕೆ ಹಾಕಿ, ಅದು ಆರಿದ ಮೇಲೆ ಜೇಬಿನಲ್ಲಿಡಿ. ಶಲ್ಯದ ಜರಿಗೆ ಸೋಕಿಸಬೇಡಿ. ಬೆವರಿನ ಅಂಗಿಗೆ ಮಾತ್ರ ದಯವಿಟ್ಟು ಹಾಕಬೇಡಿ, ಎರಡು ವಾಸನೆ ಬೆರೆತು ಮೂರನೆಯದೊಂದು ಹುಟ್ಟುತ್ತದೆ.

ಪ್ರಶ್ನೆ: ಹಬ್ಬಕ್ಕೆ ಬಿಳಿ ಜುಬ್ಬಾದ ಮೇಲೆ ಅತ್ತರು ಹಚ್ಚಬಹುದೇ?
– ಓದುಗರೊಬ್ಬರು, ರಾಯಚೂರು

ಉತ್ತರ: ಬಟ್ಟೆಗೆ ನೇರವಾಗಿ ಹಚ್ಚಬೇಡಿ. ಸಾಂಪ್ರದಾಯಿಕ ಅತ್ತರಿನಲ್ಲಿ ಆಲ್ಕೋಹಾಲ್ ಇರುವುದಿಲ್ಲ, ಹೂವಿನ ಸಾರವನ್ನು ಶ್ರೀಗಂಧದ ಎಣ್ಣೆಗೆ ಇಳಿಸಿರುತ್ತಾರೆ. ಹಾಗಾಗಿ ಅದು ಆವಿಯಾಗಿ ಹೋಗದೆ ಬಿಳಿ ಬಟ್ಟೆಯಲ್ಲಿ ಜಿಡ್ಡಿನ ಗುರುತಾಗಿ ನಿಲ್ಲುತ್ತದೆ. ಹಿರಿಯರು ಮಾಡುತ್ತಿದ್ದಂತೆ ಒಂದೆರಡು ಹನಿಯನ್ನು ಹತ್ತಿಯ ಸಣ್ಣ ಉಂಡೆಗೆ ಹೀರಿಸಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳಿ. ಜುಬ್ಬಾವೇ ಘಮಘಮಿಸಬೇಕೆಂದಿದ್ದರೆ, ಅಂಥದ್ದೇ ಉಂಡೆಯನ್ನು ಮುಚ್ಚಳ ಸಡಿಲಿಸಿದ ಪುಟ್ಟ ಡಬ್ಬಿಯಲ್ಲಿಟ್ಟು, ಬಟ್ಟೆಗೆ ತಾಗದಂತೆ ಹಿಂದಿನ ರಾತ್ರಿಯೇ ಪೆಟ್ಟಿಗೆಯ ಮೂಲೆಯಲ್ಲಿ ಇಡಿ.