ಗೆದ್ದವರೇ ಯಾಕೆ ಬೇಗ ಬಿಡುತ್ತಾರೆ?

ಅಂಗಳದ ಪ್ರಶ್ನೋತ್ತರ
ಉತ್ತರಿಸುವವರು: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕರು, ಉಡುಪಿ

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಟಿ.ವಿ.ಯಲ್ಲಿ ಟೆನಿಸ್ ನೋಡುವುದೇ ನನ್ನ ದೊಡ್ಡ ಉದ್ಯೋಗ. ಸ್ವೀಡನ್ನಿನ ಬ್ಯೋರ್ನ್ ಬೋರ್ಗ್ 26ಕ್ಕೆ ಬಿಟ್ಟರು. ಆಸ್ಟ್ರೇಲಿಯದ ಆಶ್ಲಿ ಬಾರ್ಟಿ 25ಕ್ಕೆ ಬಿಟ್ಟರು, ಅದೂ ನಂಬರ್ ಒನ್ ಆಗಿರುವಾಗ. ನಮ್ಮ ಕೊಡಗಿನ ಬೋಪಣ್ಣ ನೋಡಿದರೆ 43ರಲ್ಲಿ ಗ್ರ್ಯಾಂಡ್‌ಸ್ಲಾಮ್, ಅಂದರೆ ವರ್ಷದ ನಾಲ್ಕು ದೊಡ್ಡ ಟೂರ್ನಿಗಳಲ್ಲೊಂದನ್ನು, ಗೆದ್ದರು. ಕೋಟಿಗಟ್ಟಲೆ ದುಡ್ಡು ಕೈಗೆ ಬಂದ ಮೇಲೆ ಆಡುವ ಹಸಿವು ಹೋಗುತ್ತದೆ, ಅಷ್ಟೇ ಅಲ್ಲವೇ? ನಾನು 37 ವರ್ಷ ದುಡಿದೆ, ಒಂದು ದಿನವೂ ಸಾಕು ಅನಿಸಲಿಲ್ಲ.
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಒಂದು ದಿನವೂ ಅನಿಸಲಿಲ್ಲವೇ? ಮಾರ್ಚ್ 31ರ ರಾತ್ರಿಯೂ? ಇರಲಿ, ನಂಬಿದೆ.

ದುಡ್ಡಿನ ಮಾತಿನಲ್ಲಿ ಅರ್ಧ ಸತ್ಯ ಉಂಟು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಬಿಡುವ ಧೈರ್ಯ ಬರುತ್ತಿರಲಿಲ್ಲ. ಆದರೆ ಬಿಡಬೇಕು ಎನಿಸುವುದಕ್ಕೆ ಕಾರಣ ಬೇರೆ. ಬೋರ್ಗ್ ಮೊದಲ ಫ್ರೆಂಚ್ ಓಪನ್ ಗೆದ್ದದ್ದು 1974ರಲ್ಲಿ, ಆಗಷ್ಟೇ 18 ತುಂಬಿತ್ತು. 25 ತುಂಬುವಷ್ಟರಲ್ಲಿ ಫ್ರೆಂಚ್ ಓಪನ್ ಆರು, ವಿಂಬಲ್ಡನ್ ಐದು. 1981ರಲ್ಲಿ ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್ ಎರಡರ ಫೈನಲಿನಲ್ಲೂ ಅಮೆರಿಕದ ಜಾನ್ ಮೆಕೆನ್ರೋ ಅವರನ್ನು ಸೋಲಿಸಿದರು. ಎರಡನೆಯದರಲ್ಲಿ ಬೋರ್ಗ್ ಬಹುಮಾನ ವಿತರಣೆಗೂ ನಿಲ್ಲದೆ ಹೊರಟುಹೋದರು. ಮರುವರ್ಷ ಅವರು ಬಯಸಿದ್ದು ಸ್ವಲ್ಪ ಕಡಿಮೆ ಆಡುವುದನ್ನು, ಅಷ್ಟೇ. ಕನಿಷ್ಠ ಹತ್ತು ಟೂರ್ನಿಗಳಿಗೆ ಒಪ್ಪದಿದ್ದರೆ ಅರ್ಹತಾ ಸುತ್ತಿನಿಂದ ಆಡಿ ಬನ್ನಿ ಎಂದರು ಆಡಳಿತದವರು. ಐದು ಸಲ ವಿಂಬಲ್ಡನ್ ಗೆದ್ದವರಿಗೆ! 1983ರ ಜನವರಿಯಲ್ಲಿ ನಿವೃತ್ತಿ ಪ್ರಕಟವಾಯಿತು. ಅರ್ಧ ಹೊರೆ ಇಳಿಸಿಕೊಡಿ ಎಂದವರಿಗೆ ಪೂರ್ತಿ ಹೊರು ಇಲ್ಲವೇ ಹೋಗು ಎಂದರೆ, ಹೋಗುತ್ತಾರೆ.

ಬಾರ್ಟಿ ಕಥೆ ಇನ್ನೊಂದು ತರಹ. 2022ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಮಹಿಳೆಯರ ಸಿಂಗಲ್ಸ್‌ನಲ್ಲಿ ಅಲ್ಲಿನವರೇ ಆದ ಆಟಗಾರ್ತಿ ಅದನ್ನು ಗೆದ್ದು 44 ವರ್ಷವಾಗಿತ್ತು. ಎರಡು ತಿಂಗಳಲ್ಲಿ, ದೇಹದಲ್ಲಿ ಕೊಡಲು ಇನ್ನೇನೂ ಉಳಿದಿಲ್ಲ ಎಂದು ಹೇಳಿ ಹೊರಟರು. ಅವರು ಸೋತು ಬಿಟ್ಟದ್ದಲ್ಲ, ಸಿಟ್ಟಿನಿಂದ ಬಿಟ್ಟದ್ದೂ ಅಲ್ಲ. ಆ ಎತ್ತರದಲ್ಲಿ ನಿಂತಿರಲು ದಿನಾ ಎಷ್ಟು ತೇಯಬೇಕೆಂದು ಅವರಿಗೆ ಗೊತ್ತಿತ್ತು, ಇನ್ನು ತೇಯಲು ಮನಸ್ಸಿರಲಿಲ್ಲ. ಬೆಲ್ಜಿಯಂನ ಜಸ್ಟಿನ್ ಹೆನಿನ್ 2008ರಲ್ಲಿ ಇದೇ 25ನೇ ವಯಸ್ಸಿನಲ್ಲಿ, ಇದೇ ನಂಬರ್ ಒನ್ ಸ್ಥಾನದಿಂದಲೇ ಇಳಿದಿದ್ದರು.

ನಮ್ಮ ಊರಿನಲ್ಲಿ ಮಳೆಗಾಲದ ಮುಂಚಿನ ಪತ್ತನಾಜೆ ದಿನ ಬಂತೆಂದರೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ ನೇಮಗಳು ನಿಲ್ಲುತ್ತವೆ. ಎಷ್ಟೇ ದೊಡ್ಡ ಭಾಗವತರಾದರೂ ಮಳೆಗಾಲದಲ್ಲಿ ಗಂಟಲಿಗೆ ಬಿಡುವು. ಈಗ ಮಳೆಗಾಲದ ಆಟ, ಸಭಾಭವನದ ಆಟ ಎಂದೆಲ್ಲ ಶುರುವಾಗಿದೆ, ಆ ವಿಷಯ ಇಲ್ಲಿ ಬೇಡ. ಟೆನಿಸಿಗೆ ಪತ್ತನಾಜೆ ಇಲ್ಲ. ಜನವರಿಗೆ ಆಸ್ಟ್ರೇಲಿಯದಲ್ಲಿ ಶುರುವಾದರೆ ನವೆಂಬರ್ ತನಕ ಖಂಡದಿಂದ ಖಂಡಕ್ಕೆ ಓಟ. ಒಂದು ವಾರ ಆಡದಿದ್ದರೆ ಕಳೆದ ವರ್ಷ ಆ ವಾರ ಗಳಿಸಿದ ರ‍್ಯಾಂಕಿಂಗ್ ಅಂಕವೂ ಹೋಗುತ್ತದೆ. ಕ್ರಿಕೆಟಿನಲ್ಲಾದರೆ ಜೊತೆಗೆ ಹತ್ತು ಜನ ಇರುತ್ತಾರೆ. ಟೆನಿಸ್ ಸಿಂಗಲ್ಸ್ ಆಡುವವರಿಗೆ ಸೋತ ರಾತ್ರಿ ಹೋಟೆಲ್ ಕೋಣೆಯೇ ಗತಿ.

ಬೋಪಣ್ಣ ಅವರನ್ನು ತೂಕಕ್ಕೆ ಇಡಬೇಡಿ. ಅವರದ್ದು ಡಬಲ್ಸ್, ಅರ್ಧ ಅಂಗಳ, ಪಕ್ಕದಲ್ಲಿ ಜೊತೆಗಾರ. ಮೊಣಕಾಲಿನ ಮೃದ್ವಸ್ಥಿ ಸವೆದುಹೋದ ಮೇಲೆ ಅಯ್ಯಂಗಾರ್ ಯೋಗ ಹಿಡಿದು, 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ದೊಡ್ಡ ಸಾಧನೆಯೇ. ಹಾಗೆಂದು 25ಕ್ಕೆ ಬಿಟ್ಟವರು ಸಣ್ಣವರಾಗುವುದಿಲ್ಲ.

ಪ್ರಶ್ನೆ: ಮಗಳಿಗೆ 14 ವರ್ಷ. ಏಳನೇ ವಯಸ್ಸಿನಿಂದ ಟೆನಿಸ್. ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಎರಡೂವರೆ ಗಂಟೆ, ವಾರಕ್ಕೆ ಆರು ದಿನ. ಮಳೆಗಾಲದಲ್ಲಿ ಇಲ್ಲಿ ಕೋರ್ಟಿನಲ್ಲಿ ನೀರು ನಿಲ್ಲುತ್ತದೆಂದು ಬೆಂಗಳೂರಿನ ದೊಡ್ಡಮ್ಮನ ಮನೆಯಲ್ಲಿಟ್ಟು ಆಡಿಸುತ್ತೇವೆ. ಇತ್ತೀಚೆಗೆ ಮ್ಯಾಚಿನ ದಿನ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾಳೆ. ಗೆದ್ದರೂ ನಗು ಇಲ್ಲ. ಮೊನ್ನೆ ‘ಅಮ್ಮಾ, ನನಗೆ ಸಾಕು’ ಎಂದಳು. ಕೋಚ್ ‘ಅವಳ ಮನಸ್ಸು ಗಟ್ಟಿ ಇಲ್ಲ’ ಅನ್ನುತ್ತಾರೆ. ಇವರು ‘ಇಷ್ಟು ಖರ್ಚು ಮಾಡಿ ಈಗ ಬಿಡುವುದೆಂತ’ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಕದ್ರಿ, ಮಂಗಳೂರು

ಉತ್ತರ: ಅಮ್ಮಾ, ಮೊದಲು ಲೆಕ್ಕ ಹಾಕುವ. ದಿನಕ್ಕೆ ನಾಲ್ಕು ಗಂಟೆ, ಆರು ದಿನ, ಒಟ್ಟು 24 ಗಂಟೆ. ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆಗಿಂತ ಹೆಚ್ಚು ಒಂದೇ ಆಟ ಆಡಿಸಬೇಡಿ ಎಂಬುದು ಮಕ್ಕಳ ಕ್ರೀಡಾ ವೈದ್ಯರು ಹೇಳುವ ಸರಳ ಮಿತಿ. ನಿಮ್ಮ ಮಗಳು ಅದಕ್ಕಿಂತ ಹತ್ತು ಗಂಟೆ ಮೇಲಿದ್ದಾಳೆ. ಅದರ ಮೇಲೆ ಶಾಲೆ, ಹೋಮ್‌ವರ್ಕ್. ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು ಆ ಆಟದಿಂದ ಪೂರ್ತಿ ಬಿಡುವು ಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ನಮ್ಮ ಕರಾವಳಿಯ ಮಳೆ ಆ ಬಿಡುವನ್ನು ಪುಕ್ಕಟೆ ಕೊಡುತ್ತಿತ್ತು. ನೀವು ಬಸ್ ಚಾರ್ಜು ಕೊಟ್ಟು ಅದನ್ನು ತಪ್ಪಿಸಿದ್ದೀರಿ.

ಬರೀ ದಣಿವಾದರೆ ನಾಲ್ಕು ದಿನ ನಿದ್ದೆ ಮಾಡಿ ಎದ್ದಾಗ ರ‍್ಯಾಕೆಟ್ ಎಲ್ಲಿ ಎಂದು ಕೇಳುತ್ತಾರೆ. ಬರ್ನೌಟ್ ಹಾಗಲ್ಲ. ಮೈ ಮನಸ್ಸು ಎರಡೂ ಸೋತಿರುತ್ತವೆ. ಗೆದ್ದರೂ ಏನೂ ಸಾಧಿಸಿಲ್ಲ ಅನಿಸುತ್ತದೆ. ಕೊನೆಗೆ ಆಟವೇ ಬೇಡವಾಗುತ್ತದೆ. ‘ಗೆದ್ದರೂ ನಗು ಇಲ್ಲ’ ಎಂದು ನೀವು ಬರೆದ ಮಾತು ನನಗೆ ಹೊಟ್ಟೆನೋವಿಗಿಂತ ದೊಡ್ಡದಾಗಿ ಕಾಣುತ್ತದೆ. ಆದರೂ ಹೊಟ್ಟೆನೋವನ್ನು ನೆಪ ಎಂದು ಬಿಡಬೇಡಿ, ವೈದ್ಯರಿಗೆ ತೋರಿಸಿ. ನಿದ್ದೆ, ಊಟ, ಮುಟ್ಟು ಸರಿ ಉಂಟೋ ಎಂದೂ ಕೇಳಿಸಿ. ಆಟ ಮಾತ್ರವಲ್ಲ, ಗೆಳತಿಯರು, ಹಾಡು, ತಿಂಡಿ ಎಲ್ಲವೂ ಬೇಡವಾಗಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಸರಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು.

‘ಮನಸ್ಸು ಗಟ್ಟಿ ಇಲ್ಲ’ ಎಂಬ ಮಾತಿಗೆ ನನ್ನಲ್ಲಿ ಮರ್ಯಾದೆ ಇಲ್ಲ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 1990ರಲ್ಲಿ 14 ತುಂಬುವ ಮೊದಲೇ ವೃತ್ತಿಪರ ಟೆನಿಸಿಗೆ ಇಳಿದರು. 16ಕ್ಕೆ ಬಾರ್ಸಿಲೋನಾದಲ್ಲಿ ಸ್ಟೆಫಿ ಗ್ರಾಫ್ ಅವರನ್ನೇ ಸೋಲಿಸಿ ಒಲಿಂಪಿಕ್ ಚಿನ್ನ. ಮನಸ್ಸು ಗಟ್ಟಿ ಇಲ್ಲದೆ ಅದು ಆಗುತ್ತದೆಯೇ? 17ಕ್ಕೆ ಆಟ ಬಿಟ್ಟು ಹೊರಗಿದ್ದರು. ಅಂಥವರನ್ನು ನೋಡಿಯೇ ಮಹಿಳಾ ಟೆನಿಸ್ ಸಂಸ್ಥೆ ಎಳೆಯರು ವರ್ಷಕ್ಕೆ ಎಷ್ಟು ಟೂರ್ನಿ ಆಡಬಹುದೆಂದು ವಯಸ್ಸಿಗೆ ತಕ್ಕ ಮಿತಿ ಹಾಕಿದ್ದು. ಕ್ಯಾಪ್ರಿಯಾಟಿ ಮರಳಿ ಬಂದು 2001ರಲ್ಲಿ ಆಸ್ಟ್ರೇಲಿಯನ್, ಫ್ರೆಂಚ್ ಎರಡನ್ನೂ ಗೆದ್ದರು.

ಇನ್ನು ಮನೆಯವರ ಖರ್ಚಿನ ಲೆಕ್ಕ. ಹೋದ ದುಡ್ಡು ಆಡಿಸಿದರೂ ಬರುವುದಿಲ್ಲ, ಬಿಡಿಸಿದರೂ ಬರುವುದಿಲ್ಲ. ಅದನ್ನು ಮಗಳ ಹೆಗಲಿಗೆ ಹೊರಿಸಬೇಡಿ ಎಂದು ಅವರಿಗೆ ಈ ಪುಟವನ್ನೇ ತೋರಿಸಿ. ಆಂಡ್ರೆ ಅಗಾಸಿ ಅವರ ಅಪ್ಪ ಚೆಂಡು ಉಗುಳುವ ಯಂತ್ರದ ಎದುರು ಮಗನನ್ನು ನಿಲ್ಲಿಸಿ ದಿನಕ್ಕೆ 2,500 ಚೆಂಡು ಹೊಡೆಸುತ್ತಿದ್ದರು. ಎಂಟು ಗ್ರ್ಯಾಂಡ್‌ಸ್ಲಾಮ್ ಗೆದ್ದ ಆ ಮಗ ಮುಂದೆ ಆತ್ಮಕಥೆಯಲ್ಲಿ, ನನಗೆ ಟೆನಿಸ್ ಕಂಡರೆ ಆಗುತ್ತಿರಲಿಲ್ಲ ಎಂದು ಬರೆದರು.

ನಾನು ಹೇಳುವುದು ಇಷ್ಟು. ಈ ಮಳೆಗಾಲ ಬೆಂಗಳೂರು ಬೇಡ. ಕೋಚಿಗೆ ಅಪ್ಪನೇ ಹೋಗಿ ಹೇಳಲಿ, ಹುಡುಗಿಯ ಬಾಯಲ್ಲಿ ಹೇಳಿಸಬೇಡಿ. ಊಟಕ್ಕೆ ಕೂತಾಗ ರ‍್ಯಾಂಕಿಂಗ್, ಮುಂದಿನ ಟೂರ್ನಿ ಮಾತೇ ಬೇಡ. ‘ಯಾವಾಗ ಶುರು ಮಾಡ್ತಿ?’ ಎಂದು ವಾರಕ್ಕೊಮ್ಮೆ ಕೇಳಿದರೆ ಅದು ರಜೆಯಲ್ಲ. ಈಜಲಿ, ಶಾಲೆಯಲ್ಲಿ ತ್ರೋಬಾಲ್ ಆಡಲಿ, ಸುಮ್ಮನೆ ಮಲಗಲಿ. ಬಾರ್ಟಿ 18ನೇ ವಯಸ್ಸಿನಲ್ಲಿ, 2014ರಲ್ಲಿ, ಒಮ್ಮೆ ಟೆನಿಸ್ ಬಿಟ್ಟಿದ್ದರು. ಆ ಬಿಡುವಿನಲ್ಲಿ ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದರು! ಮರಳಿದ್ದು 2016ರಲ್ಲಿ, ಮೂರು ಸಿಂಗಲ್ಸ್ ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದು ಅದರ ಮೇಲೆ. ನಿಮ್ಮ ಮಗಳು ಮರಳದೆಯೂ ಇರಬಹುದು. ಅದಕ್ಕೆ ನೀವಿಬ್ಬರೂ ಈಗಲೇ ಮನಸ್ಸು ಮಾಡಿಕೊಳ್ಳಿ, ಅವಳಿಗೆ ಅದು ಗೊತ್ತಾಗುತ್ತದೆ.

ಪ್ರಶ್ನೆ: ಟೆನಿಸಿಗೆ ವಿದಾಯ ಹೇಳಿದವರು ಮರಳಿ ಬಂದು ಗ್ರ್ಯಾಂಡ್‌ಸ್ಲಾಮ್ ಗೆದ್ದದ್ದಿಲ್ಲ ಎಂದು ನಾನು, ಉಂಟು ಎಂದು ರೂಮ್‌ಮೇಟ್. ಸೋತವರು ಬನ್ಸ್ ಕೊಡಿಸಬೇಕು.
– ವಿದ್ಯಾರ್ಥಿ, ಮಣಿಪಾಲ

ಉತ್ತರ: ನೀವು ಬೋರ್ಗ್ ಅವರನ್ನು ನೆನೆದು ಪಂಥ ಕಟ್ಟಿರಬೇಕು. ಅವರು 1991ರಲ್ಲಿ ಮಾಂಟೆ ಕಾರ್ಲೋಗೆ ಮರದ ರ‍್ಯಾಕೆಟ್ ಹಿಡಿದು ಬಂದರು. ಅಷ್ಟರಲ್ಲಿ ಉಳಿದವರೆಲ್ಲ ಗ್ರಾಫೈಟಿಗೆ ಹೋಗಿ ವರ್ಷಗಳಾಗಿದ್ದವು. ಮೊದಲ ಪಂದ್ಯವೇ ಸೋಲು. ಹೆನಿನ್ ಮರಳಿ 2010ರ ಆಸ್ಟ್ರೇಲಿಯನ್ ಓಪನ್ ಫೈನಲ್ ತನಕ ಬಂದು ಸೋತರು. ಆದರೆ ಬೆಲ್ಜಿಯಂನವರೇ ಆದ ಕಿಮ್ ಕ್ಲೈಸ್ಟರ್ಸ್ 2007ರಲ್ಲಿ 23ಕ್ಕೆ ಬಿಟ್ಟು, ಮಗಳನ್ನು ಹೆತ್ತು, 2009ರಲ್ಲಿ ವೈಲ್ಡ್ ಕಾರ್ಡ್ (ಆಯೋಜಕರು ಕೊಡುವ ನೇರ ಪ್ರವೇಶ) ಪಡೆದು ಬಂದು ಅಮೆರಿಕನ್ ಓಪನ್ ಗೆದ್ದರು. ಮರುವರ್ಷ ಮತ್ತೆ ಗೆದ್ದರು. ಬನ್ಸ್ ನಿಮ್ಮದೇ ಖರ್ಚು.