ಗಂಗವ್ವ ಮನೆಗೆ ಬಂದಾಗ

ಪ್ರತಿ ಮಳೆಗಾಲಕ್ಕೆ ಮುಳುಗುವ ಊರಿಗೆ ಜನ ಮತ್ತೆ ಯಾಕೆ ಹೋಗುತ್ತಾರೆ, ಮುಳುಗಿಸಿದ ಹೊಳೆಗೇ ಯಾಕೆ ಪೂಜೆ ಮಾಡುತ್ತಾರೆ ಅಂತ ಕೇಳಿದ್ದೀರಿ. ಚಿಕ್ಕೋಡಿ, ಕಾಗವಾಡ, ರಾಯಬಾಗ, ಅಥಣಿ ತಾಲೂಕುಗಳ ಕೃಷ್ಣಾ ದಂಡೆಯ ಊರುಗಳ ಮಟ್ಟಿಗೆ ಹೇಳುತ್ತೇನೆ.

ಮೊದಲನೆಯದಾಗಿ, ಮನೆಯೊಳಗೆ ನೀರು ಬರುವುದು ಪ್ರತಿ ವರ್ಷವಲ್ಲ. ಹೆಚ್ಚುಕಡಿಮೆ ಪ್ರತಿ ವರ್ಷ ಮುಳುಗುವುದು ಕಲ್ಲೋಳ-ಯಡೂರಿನಂಥ ತಗ್ಗಿನ ಬಾಂದಾರಗಳು (ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಒಡ್ಡುಗಳು). ಊರಿಗೆ ಊರೇ ಎದ್ದು ಹೋದದ್ದು 2005, 2019, 2021ರಂಥ ವರ್ಷಗಳಲ್ಲಿ. ನಮ್ಮಲ್ಲಿ ಮಳೆ ಇಲ್ಲದೆಯೂ ಹೊಳೆ ಬರುತ್ತದೆ. ಮಳೆ ಸಹ್ಯಾದ್ರಿಯಲ್ಲಿ. 105 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುವ, ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರು ಕರಾಡದಲ್ಲಿ ಕೃಷ್ಣೆಗೆ ಸೇರಿ, ಸಾಂಗಲಿ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡಿಕೊಂಡು ಬರುತ್ತದೆ. ದೂಧಗಂಗಾ ಬೇರೆ ಯಡೂರಿನ ಹತ್ತಿರ ಬಂದು ಸೇರುತ್ತದೆ. ಹಾಗಾಗಿ ಇಲ್ಲಿಯವರು ಮೋಡ ನೋಡುವುದಕ್ಕಿಂತ ಹೆಚ್ಚಾಗಿ ಗಡಿಯಾಚೆಯ ರಾಜಾಪುರ ಬಾಂದಾರದ ಕ್ಯೂಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಎಂಬ ಲೆಕ್ಕ) ಕೇಳುತ್ತಾರೆ, ಶಿರೋಳ ಕಡೆಯ ಬೀಗರಿಗೆ ಫೋನು ಹಚ್ಚುತ್ತಾರೆ. ಒಂದು ಲಕ್ಷ ಕ್ಯೂಸೆಕ್ ಅಂದರೆ ದಿನಕ್ಕೆ ಸುಮಾರು 8.6 ಟಿಎಂಸಿ. ರಾಜಾಪುರದ ಲೆಕ್ಕಕ್ಕೆ ದೂಧಗಂಗೆಯದ್ದನ್ನೂ ಕೂಡಿಸಿಕೊಳ್ಳಬೇಕು. ಅದನ್ನು ಮರೆತವರೇ ರಾತ್ರಿ ನೀರಿನಲ್ಲಿ ಸಿಕ್ಕಿಬೀಳುತ್ತಾರೆ.

ನೀರು ತೋಟಪಟ್ಟಿಗೆ ಬಂತು ಅಂದರೆ ಮೊದಲು ಹೊರಬೀಳುವುದು ದನ. ಟ್ರ್ಯಾಕ್ಟರಿನ ಡಬ್ಬಿಗೆ ಎಮ್ಮೆ ಹತ್ತಿಸಲು ಬೆಳಕಿದ್ದಾಗಲೇ ಕಷ್ಟ, ಕತ್ತಲಲ್ಲಿ ಅದು ನೀರು ಕಂಡು ಬೆದರಿ ಹಗ್ಗ ಹರಿಯುತ್ತದೆ. ಒಂದು ಎಮ್ಮೆಗೆ ದಿನಕ್ಕೆ 20 ಕಿಲೋದಷ್ಟಾದರೂ ಹಸಿ ಮೇವು ಬೇಕು, ಅದು ಸಿಗದಿದ್ದರೆ ಅಂತ ಕಣಿಕೆಯ (ಒಣಗಿದ ಜೋಳದ ದಂಟಿನ) ಹೊರೆಗಳನ್ನೂ ಜೊತೆಗೇ ಒಯ್ಯುತ್ತಾರೆ. ನೀರು ಇಳಿದ ಮೇಲೆ ಕೆಸರು ಮೆತ್ತಿದ ಕಬ್ಬಿನ ಸೋಗೆಯನ್ನು ತೊಳೆಯದೆ ಹಾಕಿದರೆ ದನ ಉಚ್ಚಿಕೊಳ್ಳುತ್ತವೆ. ಗಂಟಲು ಬೇನೆಯ ಲಸಿಕೆ ಮಳೆಗಾಲಕ್ಕೆ ಮುಂಚೆಯೇ ಆಗಿರಬೇಕು. ಹತ್ತೂರಿನ ದನ ಒಂದೇ ಕಡೆ ಕಟ್ಟಿದಾಗ ರೋಗ ತಡೆಯುವುದು ಆಗದ ಮಾತು.

ಆಮೇಲೆ ಜಗಲಿಯ, ಅಂದರೆ ಮನೆಯೊಳಗಿನ ದೇವರ ಕಟ್ಟೆಯ, ದೇವರು. ಚಿಂಚಲಿ ಮಾಯಕ್ಕ, ಸವದತ್ತಿ ಎಲ್ಲವ್ವ, ಜೋತಿಬಾ, ಹೀಗೆ ಆಯಾ ಮನೆತನದ ದೇವರ ಹಿತ್ತಾಳೆ ಮೂರ್ತಿಗಳನ್ನು ಬುಟ್ಟಿಯಲ್ಲಿ ಜೋಳದ ಕಾಳಿನ ಮೇಲೆ ಕೂರಿಸಿ, ಮೇಲೆ ವಸ್ತ್ರ ಹೊದಿಸಿ, ಮನೆಯ ಹಿರಿಯಾಕೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುತ್ತಾಳೆ. ಲಿಂಗ ಕಟ್ಟಿದವರಿಗೆ ದೇವರು ಎದೆಯ ಮೇಲೇ ಇದ್ದಾನೆ. ಹೊಲದ ಉತಾರ (ಪಹಣಿ), ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ಕು ಪ್ಲಾಸ್ಟಿಕ್ ಚೀಲದಲ್ಲಿ ಅದೇ ಬುಟ್ಟಿ ಸೇರುತ್ತವೆ. ಕರೆಂಟಿನ ಮೇನ್ ಇಳಿಸಿ ಹೊರಡುವುದನ್ನು ಮಾತ್ರ ಗಡಿಬಿಡಿಯಲ್ಲಿ ಮರೆಯುವವರು ಬಹಳ.

ನೆರೆ ಬಂದಾಗ ಶಾಲೆಗಳಲ್ಲಿ ತೆರೆಯುವ ಕಾಳಜಿ ಕೇಂದ್ರದಲ್ಲಿ ಅನ್ನ ಸಿಗುತ್ತದೆ. ಸಿಗದಿರುವುದು ಪಂಚಮಿ. 2019ರಲ್ಲಿ ನಾಗರ ಪಂಚಮಿ ಬಂದದ್ದು ಆಗಸ್ಟ್ 5ಕ್ಕೆ, ಹೊಳೆ ಏರುತ್ತಿದ್ದ ಹೊತ್ತಿಗೆ. ಕೊಟ್ಟ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರುವ, ಜೋಕಾಲಿ ಕಟ್ಟುವ, ಅಳ್ಳು-ಉಂಡಿ ಮಾಡುವ ಹಬ್ಬ ಅದು. ತವರೇ ಶಾಲೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡಿರುವಾಗ ಮಗಳು ಎಲ್ಲಿಗೆ ಬರಬೇಕು? ಮನೆಯ ನೆನಪು ಜನರನ್ನು ಹಿಂಡುವುದು ಇಂಥ ದಿನಗಳಲ್ಲಿ. ಆದರೂ ಶಾಲೆಯ ಅಂಗಳದ ಮಣ್ಣಲ್ಲೇ ನಾಗಪ್ಪನನ್ನು ಮಾಡಿ ಹಾಲೆರೆಯುತ್ತಾರೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಇಲ್ಲಿ ಹೊಳೆ ಹೆಣ್ಣುಮಗಳು. ನೀರು ಊರ ಅಗಸೆಗೆ (ಹೆಬ್ಬಾಗಿಲಿಗೆ) ಬಂದರೆ ‘ಗಂಗವ್ವ ಮನಿಗೆ ಬಂದಾಳ’ ಅನ್ನುತ್ತಾರೆ. ಮನೆಗೆ ಬಂದ ಮಗಳನ್ನು ಬರಿಗೈಲಿ ಕಳಿಸುವುದುಂಟೇ? ಹಸಿರು ಕಣ (ಕುಪ್ಪಸದ ಬಟ್ಟೆ), ಬಳೆ, ಅಕ್ಕಿ, ಐದು ಉತ್ತತ್ತಿ, ಐದು ಅರಿಷಿಣ ಕೊಂಬು, ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿ, ‘ಬಂದಿ, ಉಂಡಿ, ಇನ್ನ ಹೋಗಿ ಬಾ ನಮ್ಮವ್ವ’ ಅಂತ ಬೀಳ್ಕೊಡುತ್ತಾರೆ. ಅವಳು ಬರಲೇಬಾರದು ಎಂದು ಯಾರೂ ಬೇಡುವುದಿಲ್ಲ, ಕಬ್ಬು ಬೆಳೆಯುವುದೇ ಅವಳಿಂದ. ಬಂದವಳು ತಿರುಗಿ ಹೋಗುತ್ತಾಳೆ ಎಂಬುದೇ ಇಲ್ಲಿಯವರ ನಂಬಿಕೆ. ನರಸೋಬವಾಡಿಯಲ್ಲಿ ದತ್ತನ ಪಾದುಕೆಗಳೇ ನೀರೊಳಗೆ ಹೋಗುತ್ತವೆ. ಉತ್ಸವಮೂರ್ತಿಯನ್ನು ಎತ್ತರಕ್ಕೆ ಒಯ್ದು ಪೂಜೆ ಮುಂದುವರಿಸುತ್ತಾರೆ, ಪಾದುಕೆ ಮುಟ್ಟಿ ದಕ್ಷಿಣದ ಬಾಗಿಲಿಂದ ಹೊರಬರುವ ನೀರಲ್ಲಿ ಭಕ್ತರು ಸ್ನಾನ ಮಾಡುತ್ತಾರೆ. ದೇವರೂ ಮನೆ ಬಿಟ್ಟು ಮತ್ತೆ ಮನೆಗೆ ಬರುವುದನ್ನು ಕಣ್ಣಾರೆ ಕಂಡ ಜನ ಇವರು.

ಎತ್ತರದಲ್ಲಿ ಬೇರೆ ಊರು ಕಟ್ಟಿಕೊಳ್ಳಬಾರದೇ ಅಂದರೆ, 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ನೆರೆ ಸಂತ್ರಸ್ತರಿಗಾಗಿ ಕಟ್ಟಿದ ‘ಆಸರೆ’ ಯೋಜನೆಯ ಮನೆಗಳಲ್ಲಿ ಎಷ್ಟೋ ಖಾಲಿ ಬಿದ್ದವು. ಮನೆ ಇತ್ತು, ದನ ಕಟ್ಟಲು ಜಾಗವಿರಲಿಲ್ಲ, ಹೊಲ ದೂರ. ನಸುಕಿನಲ್ಲಿ ಹಾಲು ಹಿಂಡಿ ಡೇರಿಗೆ ಹಾಕುವವರಿಗೆ ಅದು ಒಗ್ಗುವ ಮಾತಲ್ಲ.

ತಿರುಗಿ ಬರುವಾಗ ಒಂದು ಎಚ್ಚರ. ಮಣ್ಣಿನ ಗೋಡೆ ಬೀಳುವುದು ಹೆಚ್ಚಾಗಿ ನೀರು ಏರುವಾಗಲ್ಲ, ಇಳಿದ ಮೇಲೆ. ಎರಡೂ ಕಡೆ ಒತ್ತಿ ಹಿಡಿದಿದ್ದ ನೀರು ಸರಿದಾಗ ನೆನೆದ ಗೋಡೆಗೆ ಆಸರೆ ತಪ್ಪುತ್ತದೆ. ಅದಕ್ಕೇ ಹೊರಗೆ ನಿಂತು ಬಡಿಗೆಯಿಂದ ಬಡಿದು ನೋಡಿ, ಸಂದಿಗಳಲ್ಲಿ ಹಾವು ಇವೆಯೋ ನೋಡಿ ಒಳಗೆ ಹೋಗಬೇಕು. ಕೆಸರು ಬಳಿಯುವ ಮುಂಚೆ ಫೋಟೊ ತೆಗೆದಿರಬೇಕು. ತೊಳೆದು ಸಾರಿಸಿದ ಮನೆಗೆ ಹಾನಿಯ ಪಂಚನಾಮೆ ಮಾಡುವ ಅಧಿಕಾರಿಗಳು ಬಂದರೆ ಹಾನಿ ಕಾಣುವುದೇ ಇಲ್ಲ. ಆಮೇಲೆ ಜಗಲಿ ತೊಳೆದು ದೇವರನ್ನು ಕೂರಿಸಿ ದೀಪ ಹಚ್ಚುತ್ತಾರೆ. ಗೋಡೆ ಒಣಗುವ ತನಕ ಒಲೆ ಮಾತ್ರ ಅಂಗಳದಲ್ಲೇ.