ಜಪಾನಿನ ಹಬ್ಬಗಳ ಪದಬಂಧ ಕನ್ನಡದಲ್ಲೇ ಮಾಡಿ

ಮೇಡಂ, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಜಪಾನಿನ ಹಬ್ಬಗಳ ಪದಬಂಧ ಮಾಡಲು ಹೊರಟರೆ ಹೆಸರುಗಳೇ ಚೌಕದಲ್ಲಿ ಕೂರುತ್ತಿಲ್ಲ ಅಂತ ಕೇಳಿದ್ದೀರಿ. ಇಂಗ್ಲಿಷ್ ಅಕ್ಷರ ಬಿಟ್ಟುಬಿಡಿ. ಕನ್ನಡದಲ್ಲಿ ಬರೆದರೆ ಅರ್ಧ ಕೆಲಸ ಮುಗೀತು. ಜಪಾನಿನ ಹಿರಗಾನ ಲಿಪಿಯಲ್ಲೂ ಕ, ಕಿ, ಕು ಅಂತ ಒಂದೊಂದು ಉಚ್ಚಾರಕ್ಕೆ ಒಂದೊಂದು ಅಕ್ಷರ. 'ತನಬತ' ಅನ್ನೋ ಹಬ್ಬದ ಹೆಸರು ಅಲ್ಲೂ ನಾಲ್ಕಕ್ಷರ, ಇಲ್ಲೂ ನಾಲ್ಕು. ಪದದ ಕೊನೆಯ 'ನ್'ಗೆ ಅಲ್ಲಿ ಬೇರೆ ಅಕ್ಷರವೇ ಇದೆ, ಅದಕ್ಕೂ ಒಂದು ಚೌಕ ಕೊಡಿ.

ಮೊದಲ ದಿನ ಮೂರೇ ಹಬ್ಬ ಸಾಕು. ಹಿ-ನ-ಮ-ತ್ಸು-ರಿ ಅಂತ ಮೇಲಿನಿಂದ ಕೆಳಕ್ಕೆ ಬರೆಯಿರಿ. ಅದರ 'ನ' ಸೇರಿಸಿಕೊಂಡು ಅಡ್ಡಕ್ಕೆ ತ-ನ-ಬ-ತ. 'ತ್ಸು' ಸೇರಿಸಿಕೊಂಡು ಸೆ-ತ್ಸು-ಬು-ನ್. ಎರಡೂ ಪದ ತಮ್ಮ ಎರಡನೇ ಅಕ್ಷರದಲ್ಲೇ ಕೂಡುತ್ತವೆ, ನಡುವೆ ಒಂದು ಸಾಲು ಬಿಡುವು ಸಿಗುತ್ತದೆ. ನಾನು ಮನೆಯಲ್ಲಿ ಮಾಡಿದ್ದು ಇದನ್ನೇ.

ಸುಳಿವು ಮಾತ್ರ ಪಾಠದ ಪುಸ್ತಕದಂತೆ ಇರಬಾರದು. 'ವಸಂತದ ಹಿಂದಿನ ದಿನದ ಹಬ್ಬ' ಅಂದರೆ ಮಕ್ಕಳು ಪೆನ್ಸಿಲ್ ಕೆಳಗಿಡುತ್ತಾರೆ. 'ಅಪ್ಪ ರಾಕ್ಷಸನ ಮುಖವಾಡ ಹಾಕಿದ್ದಾರೆ, ನಾನು ಹುರಿದ ಸೋಯಾ ಕಾಳು ಎರಚಿ ಓಡಿಸ್ತೀನಿ' ಅನ್ನಿ, ಕಣ್ಣು ಅರಳುತ್ತೆ. ಅದೇ ಸೆತ್ಸುಬುನ್. ಎರಚುವಾಗ 'ಒನಿ ವ ಸೊತೊ, ಫುಕು ವ ಉಚಿ' ಅಂತಾರೆ, ರಾಕ್ಷಸ ಹೊರಗೆ, ಭಾಗ್ಯ ಒಳಗೆ ಅಂತ. ಆಮೇಲೆ ವಯಸ್ಸಿನಷ್ಟು ಕಾಳು ತಿನ್ನುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಕೈಗೆ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಸುಳಿವಿನಲ್ಲಿ ಇದಕ್ಕೆ ತಾರೀಖು ಹಾಕಬೇಡಿ. ಸಾಮಾನ್ಯವಾಗಿ ಫೆಬ್ರವರಿ 3, ಆದರೆ 2025ರಲ್ಲಿ 2ಕ್ಕೇ ಬಂತು.

ಹಿನಮತ್ಸುರಿಗೆ 'ಮಾರ್ಚ್ 3, ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲೆ ರಾಜ ರಾಣಿ' ಅಂತ ಬರೆದಿದ್ದೆ. ನನ್ನ ಮಗಳು ಥಟ್ಟನೆ 'ದಸರಾ ಗೊಂಬೆ!' ಅಂದಳು. ಬೇಡ ಅನ್ನಲಿಲ್ಲ. ಚೌಕ ಎಣಿಸು ಅಂದೆ. ಐದಿತ್ತು, ದ-ಸ-ರಾ-ಗೊಂ-ಬೆಯೂ ಐದೇ! ಆಗ ವ್ಯತ್ಯಾಸ ಹೇಳಿದೆ: ಅಲ್ಲಿ ಹೆಣ್ಣುಮಕ್ಕಳ ಒಳಿತಿಗಾಗಿ ಕೂರಿಸುತ್ತಾರೆ, ಹಬ್ಬ ಮುಗಿದ ಮೇಲೆ ಬೇಗ ಎತ್ತಿಡುತ್ತಾರೆ.

ನನಗೆ ತುಂಬಾ ಇಷ್ಟ ತನಬತ. ಜುಲೈ 7. ನೇಯುವ ಹುಡುಗಿ, ದನ ಕಾಯುವ ಹುಡುಗ, ನಡುವೆ ಆಕಾಶದ ನದಿ, ವರ್ಷಕ್ಕೊಂದೇ ಭೇಟಿ. ಆ ಇಬ್ಬರೂ ನಮ್ಮ ಅಭಿಜಿತ್ ಮತ್ತು ಶ್ರವಣ ನಕ್ಷತ್ರಗಳೇ. ನದಿ ಆಕಾಶಗಂಗೆ! ಪದಬಂಧ ತುಂಬಿದ ಮೇಲೆ ಬಣ್ಣದ ಕಾಗದದ ಪಟ್ಟಿಯಲ್ಲಿ ಒಂದು ಆಸೆ ಬರೆಸಿ, ಬಿದಿರಿನ ಕೊಂಬೆಗೆ ಕಟ್ಟಿಸಿ. ಅಲ್ಲಿನ ಮಕ್ಕಳು ಮಾಡೋದೂ ಅದೇ.

ಚೌಕ ಸಾಕಾಯ್ತು ಅಂದರೆ ಶಿರಿತೊರಿ ಆಡಿಸಿ. ನಮ್ಮ ಅಂತ್ಯಾಕ್ಷರಿ ಥರ, ಆದರೆ ಹಾಡಲ್ಲ, ಬರೀ ಪದ: ಮೊಚಿ, ಚಿಮಕಿ, ಕಿಮೊನೊ, ನೊರಿ. 'ನ್'ನಲ್ಲಿ ಮುಗಿಸಿದವರು ಸೋತ ಹಾಗೆ. ಅಂದರೆ ಸೆತ್ಸುಬುನ್ ಅಂದವರು ಔಟ್. ಹಿರಿಯರನ್ನು ನೆನೆಯುವ ಹಬ್ಬ ಒಬೊನ್ ಅಂದರೂ ಔಟ್.